ಆಲ್ಪ್ಸ್‌ನಲ್ಲಿ ಮನೆ ಬೇಕಾ? ಬೆಟ್ಟಕ್ಕಿಂತ ಮೊದಲು ಮತಪೆಟ್ಟಿಗೆ ನೋಡಿ

2012ರ ಮಾರ್ಚ್ 11ರಂದು ಸ್ವಿಟ್ಜರ್ಲೆಂಡ್‌ನ ಮತದಾರರ ಮುಂದೆ ಒಂದು ಪ್ರಶ್ನೆ ಇತ್ತು: ರಜೆಗೆ ಮಾತ್ರ ಬಂದು ಹೋಗುವವರ ಮನೆಗಳು ಒಂದು ಊರಿನಲ್ಲಿ ಎಷ್ಟಿರಬಹುದು? ನೂರಕ್ಕೆ 20, ಅದಕ್ಕಿಂತ ಹೆಚ್ಚು ಬೇಡ ಅಂತ 50.6% ಮಂದಿ ಹೇಳಿದರು. ಗೆಲುವಿನ ಅಂತರ 30 ಸಾವಿರ ಮತಕ್ಕೂ ಕಡಿಮೆ. ಆದರೆ ಅವತ್ತಿನಿಂದ ಆಲ್ಪ್ಸ್‌ನ ಸ್ಕೀ ಊರುಗಳಲ್ಲಿ ಮನೆಯ ಲೆಕ್ಕಾಚಾರವೇ ಬದಲಾಯಿತು.

ಇದೆಲ್ಲ ಈಗ ಯಾಕೆ ಅಂದ್ರೆ, ಜ್ಯೂರಿಕ್‌ನಲ್ಲಿ ಕೆಲಸ ಮಾಡುವ ಕಾಲೇಜಿನ ಗೆಳೆಯನೊಬ್ಬ ಮೊನ್ನೆ ಕೇಳಿದ: "ಮಗಾ, ವೆರ್ಬಿಯೆ ಒಳ್ಳೇದಾ, ಆಂಡರ್‌ಮಾಟ್ ಒಳ್ಳೇದಾ?" ಅವನು ಕೇಳಿದ್ದು ಯಾವ ಬೆಟ್ಟ ಚೆಂದ ಅಂತ. ನಾನು ಓದುತ್ತಾ ಹೋದ ಹಾಗೆ ಸಿಕ್ಕಿದ್ದು ಬರೀ ರಾಜಕೀಯ.

ಮೊದಲು ಆ 20%ರ ಮಿತಿ. ಅದನ್ನು ತಂದದ್ದು ಪರಿಸರವಾದಿ ಫ್ರಾಂಝ್ ವೇಬರ್. ಹಾಗಾಗಿ ಜನ ಅದನ್ನು 'ಲೆಕ್ಸ್ ವೇಬರ್' ಅಂತಲೇ ಕರೆಯುತ್ತಾರೆ. ಈಗಾಗಲೇ ಮಿತಿ ದಾಟಿದ ಊರುಗಳಲ್ಲಿ, ಅಂದ್ರೆ ಹೆಸರುವಾಸಿ ಸ್ಕೀ ಊರುಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ, ಹೊಸದಾಗಿ ರಜೆಯ ಮನೆ ಕಟ್ಟುವಂತಿಲ್ಲ. ಕಟ್ಟುವುದಾದರೆ ಊರಲ್ಲೇ ವಾಸ ಇರುವವರಿಗೆ, ಇಲ್ಲವೇ ಹೋಟೆಲ್ ತರ ನಡೆಸಿ ಪ್ರವಾಸಿಗರಿಗೆ ಬಾಡಿಗೆ ಕೊಡಲು. ಆದರೆ ಆ ಮಾರ್ಚ್ 11ಕ್ಕೆ ಮೊದಲೇ ಇದ್ದ ಮನೆಗಳಿಗೆ ಈ ಕಟ್ಟು ಇಲ್ಲ. ಹೀಗಾಗಿ ಅಕ್ಕಪಕ್ಕದ ಎರಡು ಮನೆಗಳು, ಅದೇ ಕಿಟಕಿ, ಅದೇ ಹಿಮ, ಆದರೂ ಕಾಗದದ ಮೇಲೆ ಎರಡು ಬೇರೆ ಸರಕುಗಳು. ಹಳೇ ಕಾನೂನಿನ ಮನೆಗೆ ಬೇಡಿಕೆ ಜಾಸ್ತಿ. ಹೊಸ ಮನೆಯ ಮೇಲಿನ ನಿರ್ಬಂಧ ಭೂ ದಾಖಲೆಯಲ್ಲೇ ನಮೂದಾಗಿರುತ್ತದೆ. ಜಾಹೀರಾತಿನಲ್ಲಿ 'ಅಗ್ಗದ ಶಾಲೆ' ಕಂಡರೆ (ಶಾಲೆ ಅಂದ್ರೆ ಅಲ್ಲಿನ ಮರದ ಮನೆ, ಸ್ಕೂಲಲ್ಲ) ಮೊದಲು ಆ ದಾಖಲೆ ತರಿಸಿ.

ಎರಡನೇ ಬೀಗ ಇನ್ನೂ ಹಳೆಯದು. 1983ರ ಕಾನೂನು, ಹೆಸರು 'ಲೆಕ್ಸ್ ಕೊಲರ್'. ವಿದೇಶಿಯರು ಸ್ವಿಸ್ ಆಸ್ತಿ ಕೊಳ್ಳುವುದಕ್ಕೆ ಅದು ಕಡಿವಾಣ. ರಜೆಯ ಮನೆಗೆ ಇಡೀ ದೇಶಕ್ಕೆ ವರ್ಷಕ್ಕೆ 1,500 ಪರವಾನಗಿ, ಅದೂ ಕ್ಯಾಂಟನ್‌ಗಳು, ಅಂದ್ರೆ ಅಲ್ಲಿನ ರಾಜ್ಯಗಳು, ಗುರುತಿಸಿದ ಪ್ರವಾಸಿ ಊರುಗಳಲ್ಲಿ ಮಾತ್ರ. ಮನೆ ಸಾಮಾನ್ಯವಾಗಿ 200 ಚದರ ಮೀಟರ್ ದಾಟುವ ಹಾಗಿಲ್ಲ, ವರ್ಷಪೂರ್ತಿ ಬಾಡಿಗೆಗೆ ಬಿಡುವ ಹಾಗೂ ಇಲ್ಲ. ನನ್ನ ಗೆಳೆಯನ ಹತ್ತಿರ ಇರೋದು ಬಿ ಪರ್ಮಿಟ್. ಅದರಲ್ಲಿ ತಾನು ವಾಸವಿರುವ ಕಡೆ ವಾಸಕ್ಕೆ ಒಂದು ಮನೆ ಕೊಳ್ಳಬಹುದು. ಬೆಟ್ಟದ ಮನೆಗೆ ಅವನೂ ಕ್ಯೂನಲ್ಲೇ ನಿಲ್ಲಬೇಕು. ಬೆಂಗಳೂರಲ್ಲಿ ಕೂತು ಕೊಳ್ಳುವವರಿಗೆ ಇನ್ನೊಂದು ಬೇಲಿ ಆರ್‌ಬಿಐನದು: ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಾತ್ರ ಹೊರಗೆ ಕಳಿಸಬಹುದು. ವೆರ್ಬಿಯೆ, ಸೇಂಟ್ ಮೊರಿಟ್ಸ್‌ನಂಥ ಕಡೆ ಒಳ್ಳೆ ಫ್ಲ್ಯಾಟ್ ಅಂದ್ರೆ ಚದರ ಮೀಟರ್‌ಗೆ 20,000 ಫ್ರಾಂಕ್ ಆಸುಪಾಸು. ಫ್ರಾಂಕ್‌ಗೆ ನೂರೇ ರೂಪಾಯಿ ಅಂತ ಹಿಡಿದರೂ ಚದರಡಿಗೆ ಒಂದು ಲಕ್ಷದ ಎಂಬತ್ತೈದು ಸಾವಿರ.

ಈ ಎರಡು ಬೀಗಗಳೂ ಬೀಳದ ಒಂದು ಊರಿದೆ, ಆಂಡರ್‌ಮಾಟ್. ಮೊದಲು ಅದು ಸೈನ್ಯದ ಊರು. ಸೈನ್ಯ ಕಾಲ್ತೆಗೆಯುತ್ತಿದ್ದ ಹಾಗೆ ಕೆಲಸಗಳೂ ಹೋಗತೊಡಗಿದವು. ಆಗ ಬಂದವರು ಈಜಿಪ್ಟ್‌ನ ಉದ್ಯಮಿ ಸಮೀಹ್ ಸಾವಿರಿಸ್. ಅವರ ರೆಸಾರ್ಟ್ ಯೋಜನೆಗೆ ಸರ್ಕಾರ ಲೆಕ್ಸ್ ಕೊಲರ್‌ನಿಂದ ವಿನಾಯಿತಿ ಕೊಟ್ಟಿತು, ಊರವರೂ ಭಾರೀ ಬಹುಮತದಿಂದ ಒಪ್ಪಿದರು. ವೇಬರ್ ಮಿತಿಗೆ ಮೊದಲೇ ಮಂಜೂರಾಗಿದ್ದರಿಂದ ಅದೂ ತಟ್ಟಲಿಲ್ಲ. ಸ್ವಿಸ್ ಬ್ರೋಕರ್‌ಗಳು ಭಾರತೀಯರಿಗೆ ಆಂಡರ್‌ಮಾಟ್ ತೋರಿಸಿದರೆ ಕಾರಣ ಬರೀ ಅಲ್ಲಿನ ಹಿಮ ಅಲ್ಲ, ಈ ವಿನಾಯಿತಿ.

ಇನ್ನು ಹಿಮ. ಎಂಜಿನಿಯರಿಂಗ್ ಓದಿದ್ದು ಇಲ್ಲಾದ್ರೂ ಉಪಯೋಗಕ್ಕೆ ಬರಲಿ. ತಾಪಮಾನ ಒಂದು ಡಿಗ್ರಿ ಏರಿದರೆ ಹಿಮದ ಗೆರೆ ಸುಮಾರು 150 ಮೀಟರ್ ಮೇಲೆ ಸರಿಯುತ್ತದೆ. ಸ್ವಿಟ್ಜರ್ಲೆಂಡ್ ಈಗಾಗಲೇ 2 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದೆ, ಅಂದ್ರೆ ಕನಿಷ್ಠ 300 ಮೀಟರ್. ಸ್ಟಾಡ್ ಊರು ಇರೋದು 1,050 ಮೀಟರ್‌ನಲ್ಲಿ. 2023ರ ಜನವರಿಯಲ್ಲಿ ಆ ಭಾಗದ ಒಂದು ಸ್ಕೀ ಹಾದಿಗೆ ಹೆಲಿಕಾಪ್ಟರ್‌ನಲ್ಲಿ ಹಿಮ ತಂದು ಸುರಿದರು. ಆದರೂ ಸ್ಟಾಡ್‌ನ ಮನೆ ಬೆಲೆ ಆಕಾಶದಲ್ಲೇ ಇದೆ, ಯಾಕಂದ್ರೆ ಅಲ್ಲಿ ಮಾರಾಟ ಆಗೋದು ಹೆಸರು. ಹೆಸರಿಲ್ಲದ, ಅಷ್ಟೇ ತಗ್ಗಿನ ಊರಿನಲ್ಲಿ ಆ ರಕ್ಷಣೆ ಇರಲ್ಲ.

ಕೃತಕ ಹಿಮ ಇದೆಯಲ್ಲ ಅಂತೀರಾ? ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಲೆಕ್ಕವೇ ಇಲ್ಲೂ ನಡೆಯೋದು. ಗಾಳಿ ಒಣಗಿದ್ದರೆ ಹನಿ ಆವಿಯಾಗುತ್ತಾ ತಣಿದು ಹೆಪ್ಪುಗಟ್ಟುತ್ತದೆ. ತೇವದ ಗಾಳಿಯಲ್ಲಿ ಸೊನ್ನೆ ಡಿಗ್ರಿ ಇದ್ದರೂ ಯಂತ್ರ ಸುಮ್ಮನೆ ನೀರು ಚಿಮ್ಮಿಸುತ್ತದೆ, ಅಷ್ಟೆ. 2023ರಲ್ಲಿ 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಯುರೋಪಿನ 2,234 ಸ್ಕೀ ತಾಣಗಳನ್ನು ಲೆಕ್ಕ ಹಾಕಿತು: ಜಗತ್ತು 2 ಡಿಗ್ರಿ ಬಿಸಿಯಾದರೆ, ಕೃತಕ ಹಿಮ ಇಲ್ಲದಿದ್ದಲ್ಲಿ 53% ತಾಣಗಳಿಗೆ ಹಿಮದ ಕೊರತೆಯ ಅಪಾಯ ತೀರಾ ಹೆಚ್ಚು. 4 ಡಿಗ್ರಿಗೆ 98%. ಅದಕ್ಕೇ ಊರಿನ ಎತ್ತರ ಅಷ್ಟೇ ಅಲ್ಲ, ಲಿಫ್ಟ್‌ನ ಮಧ್ಯದ ನಿಲ್ದಾಣ ಎಷ್ಟು ಎತ್ತರದಲ್ಲಿದೆ, ಇಳಿಜಾರು ಉತ್ತರಕ್ಕೆ ಮುಖ ಮಾಡಿದೆಯಾ ಅಂತ ನೋಡಿ. ಚೆರ್ಮಾಟ್‌ನ ಲಿಫ್ಟ್ 3,883 ಮೀಟರ್ ತನಕ ಹೋಗುತ್ತದೆ. ಅಲ್ಲೂ 2022ರ ಜುಲೈನಲ್ಲಿ ಬೇಸಿಗೆ ಸ್ಕೀ ನಿಲ್ಲಿಸಬೇಕಾಯಿತು.

ಬ್ರೋಶರ್‌ನಲ್ಲಿ ಬಾರದ ವಿಷಯ ಅಲ್ಲಿ ಕೆಲಸ ಮಾಡುವವರದು. ಚೆರ್ಮಾಟ್‌ಗೆ ಕಾರು ಬಿಡಲ್ಲ, ಐದು ಕಿಲೋಮೀಟರ್ ಕೆಳಗಿನ ಟೇಶ್‌ನಿಂದ ರೈಲು. ಹೋಟೆಲ್‌ನಲ್ಲಿ ಪಾತ್ರೆ ತೊಳೆಯುವ, ಹಾಸಿಗೆ ಮಡಚುವ ಎಷ್ಟೋ ಜನರ ಬಿಡಾರ ಅಲ್ಲಿ ಕೆಳಗೇ. ಅವರಲ್ಲಿ ಪೋರ್ಚುಗೀಸರೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮೇಲೆ ವರ್ಷದ ಬಹುಪಾಲು ಕಿಟಕಿ ಮುಚ್ಚಿದ ಮನೆಗಳು. ಅವಕ್ಕೆ ಜರ್ಮನ್‌ನಲ್ಲೂ ಫ್ರೆಂಚ್‌ನಲ್ಲೂ ಒಂದೇ ಹೆಸರು: 'ತಣ್ಣನೆ ಹಾಸಿಗೆಗಳು'. ಫ್ರಾನ್ಸ್‌ನಲ್ಲಿ ಈ ಸಿಟ್ಟೇ 2024ರ ನವೆಂಬರ್‌ನಲ್ಲಿ ಕಾನೂನಾಯಿತು. ಹೊಸದಾಗಿ ಕಟ್ಟುವ ಮನೆಗಳು ಊರಲ್ಲೇ ವಾಸ ಇರುವವರಿಗೆ ಮಾತ್ರ ಅಂತ ವಲಯ ಗುರುತಿಸಲು ಸ್ಥಳೀಯಾಡಳಿತಕ್ಕೆ ಅಧಿಕಾರ ಸಿಕ್ಕಿತು. ಶಾಮೊನಿ ಆ ದಾರಿ ಹಿಡಿದಿದೆ.

ಇದನ್ನು 'ಹಳ್ಳಿ ಗೆದ್ದಿತು' ಅಂತ ಓದಬೇಡಿ. ವೇಬರ್ ಮತದಾನದಲ್ಲಿ ವೆರ್ಬಿಯೆ ಇರುವ ವಾಲೆ ಕ್ಯಾಂಟನ್‌ನ ನಾಲ್ಕರಲ್ಲಿ ಸುಮಾರು ಮೂರು ಮಂದಿ ಬೇಡ ಅಂದಿದ್ದರು. ಮನೆ ಕಟ್ಟುವ ಕೆಲಸ ಅವರ ಅನ್ನ. ಬೆಟ್ಟ ಉಳಿಯಲಿ ಅಂದವರಲ್ಲಿ ಹೆಚ್ಚಿನವರು ಕೆಳಗಿನ ನಗರದವರು. ಆದರೂ ಕನಿಷ್ಠ ಕೇಳಿದರು. 2020ರಲ್ಲಿ ನಮ್ಮ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದು ಕೃಷಿಕರಲ್ಲದವರಿಗೂ ಹೊಲ ಕೊಳ್ಳಲು ದಾರಿ ಬಿಟ್ಟಾಗ, ಸಕಲೇಶಪುರ, ಮೂಡಿಗೆರೆಯವರಿಗೆ ಯಾರೂ ಮತಪತ್ರ ಕೊಡಲಿಲ್ಲ.

ಗೆಳೆಯನಿಗೆ ನಾನು ಹೇಳಿದ್ದು: ಕೊಳ್ಳಲೇಬೇಕು ಅಂದ್ರೆ ಹಳೇ ಕಾನೂನಿನ ಚಿಕ್ಕ ಮನೆ, 1,500 ಮೀಟರ್‌ಗಿಂತ ಮೇಲೆ, ಬೇಸಿಗೆಯಲ್ಲೂ ಅಂಗಡಿ, ಶಾಲೆ ತೆರೆದಿರುವ ಊರಲ್ಲಿ. ಕೊಳ್ಳದೆ ಬಾಡಿಗೆಗೆ ಹೋಗಿ ಬಂದರೆ ಇನ್ನೂ ವಾಸಿ. 2025ರ ಸೆಪ್ಟೆಂಬರ್ 28ರಂದು ಸ್ವಿಸ್ ಮತದಾರರು, ಸ್ವಂತ ಮನೆಗೆ ಬಾಡಿಗೆ ಬರುತ್ತಿದೆ ಅಂತ ಊಹಿಸಿ ಹಾಕುತ್ತಿದ್ದ ತೆರಿಗೆಯನ್ನು ತೆಗೆದುಹಾಕಿದರು. ಅದರ ಬದಲಿಗೆ ಎರಡನೇ ಮನೆಗಳ ಮೇಲೆ ವಿಶೇಷ ತೆರಿಗೆ ಹಾಕುವ ಅಧಿಕಾರ ಕ್ಯಾಂಟನ್‌ಗಳಿಗೆ ಸಿಕ್ಕಿದೆ. ಎಷ್ಟು ಹಾಕಬೇಕು ಅನ್ನೋದನ್ನು ಅಲ್ಲಲ್ಲಿ ವಾಸ ಇರುವವರೇ ತೀರ್ಮಾನಿಸುತ್ತಾರೆ. ಅವನಿಗೆ ಅಲ್ಲಿ ಮತ ಇಲ್ಲ.