ಸ್ಟೆನಿಯೊಸಾರಸ್ ಎಂಬ ಹೆಸರಿನ ಅವಸಾನ

ಜುರಾಸಿಕ್ ಯುಗದ ಸಮುದ್ರಗಳಲ್ಲಿ ಮೆರೆದು ಕ್ರಿಟೇಷಿಯಸ್ ಯುಗದ ಪೂರ್ವಾರ್ಧದಲ್ಲಿ ನಿಶ್ಶೇಷವಾಗಿ ಅಳಿದುಹೋದ ಕಡಲ ಮೊಸಳೆಗಳ ಗಣಕ್ಕೆ ಥಲಾಟೋಸೂಕಿಯ ಎಂದು ನಾಮಕರಣ ಮಾಡಿದವನು ಜರ್ಮನಿಯ ವಿದ್ವಾಂಸ ಎಬರ್‌ಹಾರ್ಡ್ ಫ್ರಾಸ್. ಅದು 1901ರ ಮಾತು. ಇವು ಇಂದಿನ ಮೊಸಳೆಗಳ ಪೂರ್ವಜರಲ್ಲ, ಬಹು ಹಿಂದೆಯೇ ಬೇರೆಯಾದ ದಾಯಾದಿಗಳು. ಇವುಗಳಲ್ಲಿ ಮೆಟ್ರಿಯೋರಿಂಕಿಡ್‌ಗಳು ಮೈಮೇಲಣ ಎಲುಬಿನ ಕವಚವನ್ನು ತ್ಯಜಿಸಿ, ಕಾಲುಗಳನ್ನು ದೋಣಿಯ ಹುಟ್ಟುಗಳಂತೆ ಮಾರ್ಪಡಿಸಿಕೊಂಡು, ಕೆಳಕ್ಕೆ ಬಾಗಿದ ಬಾಲದ ತುದಿಯಲ್ಲಿ ಈಜುರೆಕ್ಕೆಯನ್ನು ತಳೆದು ಕಡಲಿನವೇ ಆಗಿಬಿಟ್ಟವು. ಟೆಲಿಯೊಸಾರಾಯ್ಡ್‌ಗಳಾದರೋ ಕವಚವನ್ನು ಉಳಿಸಿಕೊಂಡು ಬಹುಮಟ್ಟಿಗೆ ಕರಾವಳಿಯನ್ನೇ ಆಶ್ರಯಿಸಿದವು.

ನಾರ್ಮಂಡಿಯ ಕಡಲತೀರದಲ್ಲಿ ದೊರೆತು, ಕುವ್ಯೇ ಎಂಬ ಮಹಾಪಂಡಿತನಿಂದ ವರ್ಣಿತವಾಗಿದ್ದ ಪಳೆಯುಳಿಕೆಗಳನ್ನು ಆಧರಿಸಿ, 1825ರಲ್ಲಿ ಜೆಫ್ರಾಯ್ ಸೇಂತಿಲೇರನು ಸ್ಟೆನಿಯೊಸಾರಸ್ ಎಂಬ ಜಾತಿಯನ್ನು ಸ್ಥಾಪಿಸಿದನು. ತರುವಾಯ ಇಂಗ್ಲೆಂಡಿನಲ್ಲಾಗಲಿ ಜರ್ಮನಿಯಲ್ಲಾಗಲಿ ನೀಳಮೂತಿಯ ಟೆಲಿಯೊಸಾರಾಯ್ಡ್ ಒಂದು ದೊರೆತರೆ ಅದನ್ನು ಈ ಜಾತಿಗೇ ಸೇರಿಸುವುದು ರೂಢಿಯಾಯಿತು.

ಪ್ರಾಣಿನಾಮಶಾಸ್ತ್ರದಲ್ಲಿ ಹೆಸರೆಂಬುದು ಲಕ್ಷಣಗಳ ವರ್ಣನೆಗೆ ಅಂಟಿಕೊಂಡಿರುವುದಿಲ್ಲ. ಜಾತಿಯ ಹೆಸರಿಗೆ ಒಂದು ಪ್ರಭೇದವೂ, ಆ ಪ್ರಭೇದದ ಹೆಸರಿಗೆ ಒಂದು ಮೂಲಮಾದರಿಯೂ ಆಧಾರವಾಗಿರುತ್ತವೆ. ಸಂಶಯ ಬಂದಾಗಲೆಲ್ಲ ಆ ಒಂದು ಎಲುಬಿನ ಬಳಿಗೇ ಹಿಂದಿರುಗಬೇಕು. ಮಿಶೆಲಾ ಜಾನ್ಸನ್, ಮಾರ್ಕ್ ಯಂಗ್ ಮತ್ತು ಸ್ಟೀಫನ್ ಬ್ರುಸಾಟಿ ಅವರು ಹಾಗೆ ಹಿಂದಿರುಗಿ ಪರೀಕ್ಷಿಸಿದಾಗ, ಸ್ಟೆನಿಯೊಸಾರಸ್ಸಿನ ಮೂಲಮಾದರಿಯಾಗಿ ಪ್ಯಾರಿಸಿನಲ್ಲಿರುವ ಮೂತಿಯ ತುಂಡಿನಲ್ಲಿ ಇತರ ಬಂಧುಗಳಿಂದ ಅದನ್ನು ಬೇರ್ಪಡಿಸಬಲ್ಲ ಯಾವ ವಿಶಿಷ್ಟ ಲಕ್ಷಣವೂ ಕಾಣಲಿಲ್ಲ. ಆದಕಾರಣ 2020ರಲ್ಲಿ ಅವರು ಸ್ಟೆನಿಯೊಸಾರಸ್ ಎಂಬುದನ್ನು ಸಂದಿಗ್ಧನಾಮವೆಂದು ಸಾರಿದರು. ಹೆಚ್ಚುಕಡಿಮೆ ಎರಡು ಶತಮಾನ ವಿದ್ವಾಂಸರ ಬಾಯಲ್ಲಿ ನಲಿದ ಹೆಸರನ್ನು ಬಿಟ್ಟುಕೊಡುವುದು ಕ್ಲೇಶದ ಸಂಗತಿಯೇ ಸರಿ. ಆದರೂ ಈ ತ್ಯಾಗವು ನನಗೆ ಪರಮಪ್ರಿಯವಾಗಿ ತೋರುತ್ತದೆ, ಏಕೆಂದರೆ ಆ ಹೆಸರಿನ ಮುಸುಕಿನಲ್ಲಿ ಬಗೆಬಗೆಯ ಜೀವನಕ್ರಮಗಳು ಮರೆಯಾಗಿದ್ದವು.

ಇಂಗ್ಲೆಂಡಿನ ಪೀಟರ್‌ಬರೋ ಸಮೀಪದ ಜೇಡಿಮಣ್ಣಿನಲ್ಲಿ ದೊರೆತ ಎರಡು ಪ್ರಾಣಿಗಳನ್ನು ನೋಡಿ. 1909ರಲ್ಲಿ ಆಂಡ್ರೂಸ್ ಎಂಬಾತನು ಎರಡಕ್ಕೂ ಸ್ಟೆನಿಯೊಸಾರಸ್ ಎಂದೇ ಹೆಸರಿಟ್ಟನು. ಒಂದಕ್ಕೆ ತೆಳುವಾದ ನೀಳಮೂತಿ, ಮೀನು ಹಿಡಿಯಲು ತಕ್ಕ ಸಪೂರ ಹಲ್ಲುಗಳು; ಇನ್ನೊಂದಕ್ಕೆ ಆಮೆಯ ಚಿಪ್ಪನ್ನೂ ಪುಡಿಮಾಡಬಲ್ಲ ಮೊಂಡು ಹಲ್ಲುಗಳು, ಬಲಿಷ್ಠ ದವಡೆ. ಎರಡನೆಯದು 2017ರಲ್ಲಿಯೇ, ಲೆಮ್ಮಿ ಎಂಬ ಆಂಗ್ಲ ಸಂಗೀತಗಾರನ ಸ್ಮರಣಾರ್ಥವಾಗಿ, ಲೆಮ್ಮಿಸೂಕಸ್ ಎನಿಸಿತ್ತು. ಮೊದಲನೆಯದು ಈಗ ಕಾರಿಟೊಮೆನೊಸೂಕಸ್. ಇನ್ನೂ ಸ್ಥಾನನಿರ್ಣಯವಾಗದೆ ಉಳಿದ ಪ್ರಭೇದಗಳನ್ನು ಉಲ್ಲೇಖಿಸುವಾಗ ಮಾತ್ರ ಹಳೆಯ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯುವುದು ವಾಡಿಕೆ.