ವಾಸನೆ ಜೋರಾದರೆ ನೀರು ಶುದ್ಧವೇ?

ಈಜುಕೊಳದ ಬಳಿ ಕ್ಲೋರಿನ್ ವಾಸನೆ ಮೂಗಿಗೆ ಬಡಿದರೆ ನೀರು ಶುದ್ಧವಾಗಿದೆ ಎಂದೇ ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ಆದರೆ ಅನೇಕ ಸಲ ಸಂಗತಿ ಇದಕ್ಕೆ ತದ್ವಿರುದ್ಧ. ಬೆವರು, ಮೂತ್ರದ ಅಂಶಗಳ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್‌ಗಳು ಹುಟ್ಟುತ್ತವೆ. ಕಣ್ಣು ಉರಿಸುವುದೂ ಘಾಟು ಹೊಡೆಯುವುದೂ ಅವೇ. ರೋಗಾಣು ಕೊಲ್ಲುವ ಶಕ್ತಿ ಅವಕ್ಕೆ ತೀರಾ ಕಡಿಮೆ.

ನಾನು ಬಿ.ಎಸ್ಸಿ. ವಿದ್ಯಾರ್ಥಿ. ಭಾನುವಾರ ದೇರೆಬೈಲ್‌ನ ಒಂದು ಮನೆಯ ಈಜುಕೊಳ ನೋಡಿಕೊಳ್ಳುತ್ತೇನೆ. ಕಳೆದ ಬೇಸಿಗೆ ರಜೆಯಲ್ಲಿ ಅಲ್ಲಿಗೆ ನೆಂಟರ ಮಕ್ಕಳು ಬಂದಿದ್ದರು. ದಿನವಿಡೀ ನೀರಾಟ. ವಾರದೊಳಗೆ ಎಲ್ಲರ ಕಣ್ಣೂ ಕೆಂಪು. "ಕ್ಲೋರಿನ್ ಜಾಸ್ತಿ ಆಗಿದೆ ಮಾರಾಯ, ವಾಸನೆ ಉಂಟಲ್ಲ. ಎರಡು ದಿನ ಹಾಕ್ಬೇಡ" ಎಂದರು ಮನೆಯ ಅಂಕಲ್. "ಒಮ್ಮೆ ಟೆಸ್ಟ್ ಮಾಡಿ ನೋಡುವ ಅಂಕಲ್" ಎಂದೆ.

ಡಿಪಿಡಿ ಮಾತ್ರೆ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 1ನೇ ನಂಬರಿನ ಮಾತ್ರೆ ತೋರಿಸುವುದು ಕೆಲಸಕ್ಕೆ ಸಿದ್ಧವಿರುವ ಮುಕ್ತ ಕ್ಲೋರಿನ್. ಅದೇ ನೀರಿಗೆ 3ನೇ ನಂಬರಿನದನ್ನು ಸೇರಿಸಿದರೆ ಒಟ್ಟು ಕ್ಲೋರಿನ್ ಸಿಗುತ್ತದೆ. ಅಂದು ಮುಕ್ತ 0.5 ಪಿಪಿಎಂ, ಒಟ್ಟು 1.5. ಅಂದರೆ 1 ಪಿಪಿಎಂ ಕ್ಲೋರಮೈನ್. ಮುಕ್ತ ಕ್ಲೋರಿನ್ 1ರಿಂದ 3ರ ನಡುವೆ ಇರಬೇಕು. ಮೂಗು ಹೇಳಿದ್ದು ಜಾಸ್ತಿ, ಮಾತ್ರೆ ಹೇಳಿದ್ದು ಕಡಿಮೆ!

ಇದು ಬರೀ ಕಣ್ಣುರಿಯ ವಿಷಯವಲ್ಲ. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಹಲವರ ಜೀವ ತೆಗೆದ ಅಮೀಬಾ ಮಿದುಳು ಜ್ವರ ನಮಗೆಲ್ಲ ನೆನಪಿದೆ. ಅದಕ್ಕೆ ಕಾರಣವಾಗುವ ನೇಗ್ಲೇರಿಯಾ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆದು ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ. ಮುಕ್ತ ಕ್ಲೋರಿನ್ ಸಾಲದ ಕೊಳವೂ ಅದಕ್ಕೆ ಮನೆಯಾಗಬಹುದು.

ಕ್ಲೋರಿನ್ ಹಾಕುವ ಮೊದಲು ಪಿಎಚ್ ನೋಡಬೇಕು. ಪಿಎಚ್ 7.5 ಇದ್ದಾಗ ಮುಕ್ತ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಚುರುಕಾದ ಹೈಪೋಕ್ಲೋರಸ್ ಆಮ್ಲವಾಗಿರುತ್ತದೆ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮ ಕೆಂಪುಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ತುಸು ಆಮ್ಲೀಯ. ಆದರೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹಾಕುತ್ತಾ ಹೋದಂತೆ ಪಿಎಚ್ ಏರುತ್ತದೆ. ಅಂದು 7.9 ಇತ್ತು. ಮೊದಲು ಅದನ್ನು 7.4ಕ್ಕೆ ಇಳಿಸಿದೆವು.

ಆಮೇಲೆ ಲೆಕ್ಕ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳ. ಒಟ್ಟು 40,000 ಲೀಟರ್. 1,000 ಲೀಟರಿಗೆ 1 ಗ್ರಾಂ ಕ್ಲೋರಿನ್ ಬಿದ್ದರೆ 1 ಪಿಪಿಎಂ. ಕ್ಲೋರಮೈನ್ ಒಡೆಯಲು ಅದರ ಹತ್ತು ಪಟ್ಟು, ಅಂದರೆ 10 ಪಿಪಿಎಂ ಬೇಕು. ಹಾಗಾಗಿ 400 ಗ್ರಾಂ. ಪುಡಿಯಲ್ಲಿ ಕ್ಲೋರಿನ್ 65 ಶೇಕಡಾ ಮಾತ್ರ ಇರುವುದರಿಂದ ತೂಗಿದ್ದು ಸುಮಾರು 615 ಗ್ರಾಂ. ಬಿಸಿಲು ಕ್ಲೋರಿನ್ ಅನ್ನು ತಿಂದುಹಾಕುತ್ತದೆ, ಆದ್ದರಿಂದ ಸಂಜೆ ಹಾಕಿ ರಾತ್ರಿಯಿಡೀ ಪಂಪ್ ಓಡಿಸಿದೆವು. ಮುಕ್ತ ಕ್ಲೋರಿನ್ 3ಕ್ಕೆ ಇಳಿಯುವ ತನಕ ಯಾರನ್ನೂ ನೀರಿಗೆ ಬಿಡಲಿಲ್ಲ. ಘಾಟು ಹೋಯಿತು, ಮಕ್ಕಳ ಕಣ್ಣೂ ಸರಿಯಾಯಿತು.

ಈ ಕೆಲಸದಲ್ಲಿ ಮರೆಯಬಾರದ ಎರಡು ನಿಯಮಗಳಿವೆ. ಪುಡಿಯನ್ನು ಬಕೆಟ್ ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಕ್ಲೋರಿನ್ ಪುಡಿಯನ್ನೂ ಆಮ್ಲವನ್ನೂ ಎಂದೂ ಒಟ್ಟಿಗೆ ಬೆರೆಸಬಾರದು, ಒಂದೇ ಕಡೆ ಇಡಲೂಬಾರದು. ಬೆರೆತರೆ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ.

ಅಪಾರ್ಟ್‌ಮೆಂಟ್, ಹೋಟೆಲ್, ಹೋಂಸ್ಟೇ ಎಲ್ಲೆಡೆ ಈಗ ಈಜುಕೊಳಗಳಿವೆ. ಪಿಯುಸಿಯ ರಸಾಯನಶಾಸ್ತ್ರ, ತ್ರೈರಾಶಿ ಲೆಕ್ಕ ಮತ್ತು ತಾಳ್ಮೆ ಇದ್ದವರು ಈ ಕೆಲಸ ಕಲಿಯಬಹುದು. ಕೆಲಸ ಬೇಡವೆಂದರೂ ಪರವಾಗಿಲ್ಲ, ಮುಂದಿನ ಸಲ ಈಜಲು ಹೋದಾಗ ನೀರಿಗೆ ಇಳಿಯುವ ಮುನ್ನ ಒಂದು ಮಾತು ಕೇಳಿ: "ಇವತ್ತಿನ ರೀಡಿಂಗ್ ಎಷ್ಟು?"