ಟೊಮೇಟೊ ಮಷಿನ್ನೂ ವಲಸೆಯ ಲೆಕ್ಕವೂ

ಎಂಎಸ್ ಮುಗಿಸಿ ಎಚ್-1ಬಿ ಲಾಟರಿಗೆ ಕಾಯ್ತಿರೋ ಒಬ್ಬ ಸೀನಿಯರ್ ಆದ್ರೂ ನಮ್ಮೆಲ್ಲರಿಗೂ ಗೊತ್ತು. "ಇವರು ಬಂದು ನಮ್ಮ ಕೆಲಸ ಕಿತ್ಕೊಳ್ತಾರೆ, ಸಂಬಳ ಇಳಿಸ್ತಾರೆ" ಅನ್ನೋದು ಅಲ್ಲಿ ಕೇಳಿಬರೋ ದೂರು. ಸಪ್ಲೈ-ಡಿಮ್ಯಾಂಡ್ ಗ್ರಾಫ್ ನೋಡಿದರೆ ದೂರು ಸರಿ ಅಂತಲೇ ಅನಿಸುತ್ತೆ. ಕೆಲಸಗಾರರು ಜಾಸ್ತಿಯಾದರೆ ಕೂಲಿ ಇಳಿಯಬೇಕು. ಆದರೆ ಅಮೆರಿಕದಲ್ಲೇ ನಡೆದ ಎರಡು ಘಟನೆ ಓದಿದ ಮೇಲೆ ಆ ಗ್ರಾಫನ್ನು ಹಾಗೇ ನಂಬೋದು ಕಷ್ಟ.

ಮೊದಲನೆಯದು ಮಯಾಮಿ. 1980ರ ಏಪ್ರಿಲ್‌ನಲ್ಲಿ ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ, ದೇಶ ಬಿಡೋರು ಮರಿಯೆಲ್ ಬಂದರಿನಿಂದ ಹೋಗಬಹುದು ಅಂದುಬಿಟ್ಟರು. ಅಕ್ಟೋಬರ್ ಹೊತ್ತಿಗೆ ಸುಮಾರು 1,25,000 ಜನ ದೋಣಿಗಳಲ್ಲಿ ಫ್ಲೋರಿಡಾ ಸೇರಿದರು. ಮಯಾಮಿಯ ಕೆಲಸಗಾರರ ಸಂಖ್ಯೆ ಶೇ. 7ರಷ್ಟು ಏರಿತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್, ಲ್ಯಾಬಲ್ಲಿ ಕಂಟ್ರೋಲ್ ಸ್ಯಾಂಪಲ್ ಇಡ್ತೀವಲ್ಲ ಹಾಗೆ, ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್ ಥರದ ನಾಲ್ಕು ಊರುಗಳ ಜೊತೆ ಹೋಲಿಸಿದರು. ಸ್ಥಳೀಯರ ಕೂಲಿಯ ಮೇಲೆ ಹೆಚ್ಚೇನೂ ಪರಿಣಾಮ ಆಗಿಲ್ಲ ಅಂತ 1990ರಲ್ಲಿ ಬರೆದರು. ಹಾರ್ವರ್ಡ್‌ನ ಜಾರ್ಜ್ ಬೋರ್ಹಾಸ್ ಇದನ್ನು ಒಪ್ಪಲಿಲ್ಲ (ಅವರೂ ಕ್ಯೂಬಾದಿಂದ ವಲಸೆ ಬಂದವರೇ!). ಹೈಸ್ಕೂಲ್ ಮುಗಿಸದ ಗಂಡಸರನ್ನಷ್ಟೇ ತಗೊಂಡರೆ ಕೂಲಿ ಶೇ. 10ರಿಂದ 30ರಷ್ಟು ಬಿದ್ದಿದೆ ಅಂದರು. ಅವರ ಸ್ಯಾಂಪಲ್ ತೀರಾ ಚಿಕ್ಕದು ಅಂತ ಆಕ್ಷೇಪ ಬಂತು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂದರೂ ಜಗಳ ಮುಗಿದಿಲ್ಲ.

ನಮಗೆ ಹೆಚ್ಚು ಹಿಡಿಸಿದ್ದು ಎರಡನೆಯದು. ಅದು ಉಲ್ಟಾ ಪ್ರಯೋಗ. 1942ರಿಂದ ಬ್ರಸೆರೊ ಅನ್ನೋ ಒಪ್ಪಂದದಡಿ ಮೆಕ್ಸಿಕೋದ ಕೂಲಿಕಾರರು ಸುಗ್ಗಿಗೆ ಅಮೆರಿಕದ ಹೊಲಗಳಿಗೆ ಬಂದು ಹೋಗ್ತಿದ್ದರು. ಇವರಿಂದಾಗಿ ನಮ್ಮವರ ಕೂಲಿ ಏರ್ತಿಲ್ಲ ಅಂತ 1964ರ ಕೊನೆಗೆ ಅದನ್ನು ನಿಲ್ಲಿಸಿದರು. ಆಮೇಲೆ ಕೂಲಿ ಜೋರಾಗಿ ಏರಿತಾ? ಇಲ್ಲ. ಮೈಕಲ್ ಕ್ಲೆಮೆನ್ಸ್ ಮತ್ತು ಸಂಗಡಿಗರು ಹಳೇ ದಾಖಲೆ ತೆಗೆದು ನೋಡಿದರೆ, ಬ್ರಸೆರೊಗಳು ತುಂಬಿದ್ದ ರಾಜ್ಯಗಳಲ್ಲೂ ಅವರೇ ಇಲ್ಲದ ರಾಜ್ಯಗಳಲ್ಲೂ ಕೂಲಿ ಏರಿದ್ದು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ.

ಹಾಗಾದರೆ ಟೊಮೇಟೊ ಕಿತ್ತವರು ಯಾರು? ಮಷಿನ್. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೋಬಿ ಲೊರೆನ್ಜೆನ್ ಒಂದು ಕೊಯ್ಲು ಯಂತ್ರ ಮಾಡಿದ್ದರು. ಗಿಡವನ್ನೇ ಬುಡದಲ್ಲಿ ಕತ್ತರಿಸಿ, ಅಲುಗಾಡಿಸಿ ಹಣ್ಣು ಉದುರಿಸೋ ಯಂತ್ರ. ಮಾಮೂಲಿ ಟೊಮೇಟೊ ಅದರೊಳಗೆ ಹೋದರೆ ಗೊಜ್ಜೇ! ಅದಕ್ಕೆ ಜ್ಯಾಕ್ ಹನ್ನಾ, ಎಲ್ಲವೂ ಒಟ್ಟಿಗೆ ಹಣ್ಣಾಗೋ, ಏಟು ತಡೆಯೋ ತಳಿಯನ್ನೇ ಬೆಳೆಸಿದರು. ಯಂತ್ರಕ್ಕೆ ತಕ್ಕ ಹಣ್ಣು! ಕೂಲಿಕಾರರು ಸಿಗೋವರೆಗೆ ಇದನ್ನು ಕೊಂಡವರು ಕಮ್ಮಿ. 1960ರ ದಶಕ ಮುಗಿಯೋ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸಾಸ್ ಟೊಮೇಟೊ ಬಹುತೇಕ ಎಲ್ಲವೂ ಯಂತ್ರದ ಕೊಯ್ಲು. ಯಂತ್ರ ಇಲ್ಲದ ಸ್ಟ್ರಾಬೆರಿಯಂಥ ಬೆಳೆಗಳ ಉತ್ಪಾದನೆ ಇಳಿಯಿತು.

ಗ್ರಾಫಿನಲ್ಲಿ ಮಾಲೀಕ ಸುಮ್ಮನೆ ಕೂತಿರ್ತಾನೆ. ನಿಜವಾದ ಮಾಲೀಕ ಜನ ಬಂದರೆ ಅವರಿಗೆ ತಕ್ಕ ಕೆಲಸ ಹುಡುಕ್ತಾನೆ, ಹೋದರೆ ಮಷಿನ್ ತರ್ತಾನೆ, ಇಲ್ಲ ಬೆಳೆಯನ್ನೇ ಬಿಡ್ತಾನೆ. ಜೊತೆಗೆ ಬಂದವರೂ ಬಾಡಿಗೆ ಕೊಡ್ತಾರೆ, ದಿನಸಿ ತಗೊಳ್ತಾರೆ, ಅದರಿಂದಲೂ ಕೆಲಸ ಹುಟ್ಟುತ್ತೆ. ಹಾಗಂತ ಯಾರಿಗೂ ಪೆಟ್ಟೇ ಬೀಳಲ್ಲ ಅಂತಲ್ಲ. ಬಿದ್ದರೆ ಹೆಚ್ಚಾಗಿ ಬೀಳೋದು ಅದೇ ಓದು, ಅದೇ ಕೆಲಸದವರಿಗೆ, ಅಂದರೆ ಸ್ವಲ್ಪ ಮೊದಲು ಬಂದ ವಲಸಿಗರಿಗೇ. ಈ ಲೆಕ್ಕದಲ್ಲಿ, ಈ ವರ್ಷ ಹೋಗೋ ನಮ್ಮ ಸೀನಿಯರ್‌ಗೆ ನೇರ ಪೈಪೋಟಿ, ಮೂರು ವರ್ಷದ ಹಿಂದೆ ಹೋದ ನಮ್ಮದೇ ಇನ್ನೊಬ್ಬ ಸೀನಿಯರ್.